ಎಡ ಬಾಗಿಲು ವಾಲ್ಟರನದು

ಲೆನರ್ಡ್ ಗಪಿನ್ಸ್ಕಿ ಮೂವತ್ತೊಂದು ವರ್ಷ ಕಾರುಗಳಿಗೆ ಬಲಗಡೆಯ ಬಾಗಿಲು ಕೂರಿಸಿದವನು. ಎಡಗಡೆಯ ಬಾಗಿಲಿನ ಬಗ್ಗೆ ಯಾರಾದರೂ ಕೇಳಿದರೆ ಅದು ತನಗೆ ಸಂಬಂಧಪಟ್ಟ ವಿಷಯವಲ್ಲ ಎಂದು ಗಂಭೀರವಾಗಿ ಹೇಳಿ ಸುಮ್ಮನಾಗುತ್ತಿದ್ದ. ಕಾರ್ಖಾನೆಯ ಪದ್ಧತಿಯೇ ಹಾಗೆ. ಬಲಗಡೆಯವನು ಎಡಗಡೆಯ ಬಾಗಿಲಿಗೆ ಕೈ ಹಚ್ಚುವಂತಿಲ್ಲ, ಎಡಗಡೆಯವನು ಬಲಗಡೆಗೆ ಮೂಗು ತೂರಿಸುವಂತಿಲ್ಲ. ಹಾಗೇನಾದರೂ ಆದರೆ ಕಾರ್ಮಿಕ ಸಂಘದಲ್ಲಿ ಮೂರು ವಾರ ಪಂಚಾಯಿತಿ.

ಎಡಗಡೆಯಲ್ಲಿ ಇಪ್ಪತ್ತೆರಡು ವರ್ಷ ನಿಂತವನು ವಾಲ್ಟರ್ ಪಿಲಾರ್ಸ್ಕಿ. ನಿಮಿಷಕ್ಕೊಂದು ಕಾರು ಇಬ್ಬರ ನಡುವೆ ಬಂದು ನಿಲ್ಲುತ್ತಿತ್ತು. ಗಾಜಿಲ್ಲದ ಎರಡು ಕಿಟಕಿಗಳ ಮೂಲಕ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ತನ್ನ ಮುಖವನ್ನು ಗಂಡ ಅಷ್ಟು ಸಲ ನೋಡಿಲ್ಲ ಎಂದು ಲೆನರ್ಡನ ಹೆಂಡತಿ ಬರ್ನಡೀನ್ ಲೆಕ್ಕ ಹಾಕಿ ಹೇಳಿದ್ದಳು. ವಾಲ್ಟರ್ ಮದುವೆಯಾಗಲಿಲ್ಲ. ಭಾನುವಾರ ಚರ್ಚು ಮುಗಿದ ಕೂಡಲೇ ಅಕ್ಕನನ್ನು ನೋಡಿಬರುತ್ತೇನೆಂದು ಟೊಲೀಡೋಗೆ ಹೊರಟುಬಿಡುತ್ತಿದ್ದ. ಯಾವ ಗಂಡಸೂ ಅಕ್ಕನನ್ನು ವಾರ ತಪ್ಪದೆ ನೋಡುವುದಿಲ್ಲ ಎಂಬುದು ಊರಿನ ಹೆಂಗಸರ ತೀರ್ಮಾನವಾಗಿತ್ತು. ಅಲ್ಲಿ ಅವನಿಗೊಬ್ಬಳಿದ್ದಾಳೆ, ಬಹುಶಃ ಇಬ್ಬರು ಮಕ್ಕಳೂ ಇದ್ದಾರೆ ಎಂದು ಅವರು ಮಕ್ಕಳಿಗೆ ಹೆಸರಿಡುವುದೊಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ನಿಶ್ಚಯಿಸಿದ್ದರು.

ಆ ವಾಲ್ಟರ್ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಕಾರ್ಖಾನೆ ಅದಕ್ಕೂ ಮೊದಲೇ ಮುಚ್ಚಿತ್ತು. ಎಪ್ಪತ್ನಾಲ್ಕು ದಾಟಿದ ಲೆನರ್ಡನಿಗೆ ಮಿಷಿಗನ್ನಿನ ಆ ವೆಲ್ಡನ್ ಊರಿನಲ್ಲಿ ಉಳಿದಿದ್ದ ಆಸ್ತಿ ಒಂದೇ, ಅವನ ಕಿವಿ. ಕಣ್ಣು ಮುಚ್ಚಿ ಕೂತು, ಕಾರಿನ ಬಾಗಿಲು ಹಾಕಿದ ಸದ್ದನ್ನಷ್ಟೇ ಕೇಳಿ, ಅದು ಯಾವ ಕಾರು, ಯಾವ ವರ್ಷದ್ದು, ಬೆಳಗಿನ ಪಾಳಿಯದೋ ರಾತ್ರಿ ಪಾಳಿಯದೋ ಎಂದು ಹೇಳಿಬಿಡುತ್ತಿದ್ದ. ಸೋಮವಾರ ಕೂರಿಸಿದ ಬಾಗಿಲು ಗುರುವಾರದ ಬಾಗಿಲಿನಂತೆ ಮುಚ್ಚುವುದಿಲ್ಲ, ಭಾನುವಾರದ ಬಿಯರು ಸೋಮವಾರದ ಕೀಲಿನಲ್ಲಿ ಕೇಳಿಸುತ್ತದೆ ಎನ್ನುತ್ತಿದ್ದ.

ಪ್ರತಿ ಆಗಸ್ಟಿನಲ್ಲಿ ಸಂಘದ ಕಟ್ಟಡದ ಹಿಂದಿನ ಡಾಂಬರು ಅಂಗಳದಲ್ಲಿ ಹಳೆಯ ಕಾರುಗಳ ಮೇಳ. ಷೆವ್ರೊಲೆ, ಬ್ಯುಯಿಕ್, ಪಾಂಟಿಯಾಕ್, ಎಲ್ಲವೂ ಬಾನೆಟ್ ತೆರೆದು ಸಾಲಾಗಿ ನಿಲ್ಲುತ್ತಿದ್ದವು. ಮಾಲೀಕರು ಅವುಗಳ ಹಿಂದೆ ಮಡಿಚುವ ಕುರ್ಚಿಯಲ್ಲಿ ಕೂತು, ಎದುರಿನವನ ಕಾರಿನ ಮೇಲೆ ಧೂಳಿದೆಯೇ ಎಂದು ಹುಡುಕುತ್ತಿದ್ದರು. ಅಂಗಳದ ತುದಿಯಲ್ಲೊಂದು ಚರಂಡಿ. ಅದರ ಪಕ್ಕದಲ್ಲಿ ಮೂವತ್ತು ವರ್ಷ ಹಳೆಯ ಹಲಗೆ: ‘ಹೊರದೇಶದ ಗಾಡಿಗಳು ಚರಂಡಿಯ ಆಚೆ.’ ಆಚೆ ಇದ್ದದ್ದು ಇಳಿಜಾರು ಹುಲ್ಲು, ಎರಡು ತಾತ್ಕಾಲಿಕ ಶೌಚಾಲಯ, ಮತ್ತು ಅಪರೂಪಕ್ಕೊಮ್ಮೆ ದಾರಿ ತಪ್ಪಿ ಬಂದ ಫೋಕ್ಸ್‌ವ್ಯಾಗನ್.

ಮೇಳದ ಅಧ್ಯಕ್ಷ ನಾರ್ಬರ್ಟ್, ಬರ್ನಡೀನಳ ಅಣ್ಣ. ಅವನದು ಐವತ್ತೊಂಬತ್ತರ ಕ್ಯಾಡಿಲಾಕ್. ಹಿಂದೆ ರೆಕ್ಕೆ, ಮುಂದೆ ಹಲ್ಲು, ಉದ್ದ ಎಷ್ಟೆಂದರೆ ಮೇಳಕ್ಕೆ ಅದರ ಮೂತಿ ಬಂದ ಸ್ವಲ್ಪ ಹೊತ್ತಿಗೆ ನಾರ್ಬರ್ಟ್ ಬರುತ್ತಿದ್ದ. ಇಷ್ಟಿದ್ದರೂ ಜನ ಸೇರುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ, ಲೆನರ್ಡ್ ಕಣ್ಣಿಗೆ ಟವೆಲು ಕಟ್ಟಿಕೊಂಡು ಕೂತಾಗ. ಗೆದ್ದವನಿಗೆ ಕಿವಿಯ ಚಿತ್ರ ಹೊಲಿದ ಒಂದು ಟೋಪಿ. ಹದಿನಾರು ವರ್ಷದಿಂದ ಆ ಟೋಪಿ ಲೆನರ್ಡನ ತಲೆಯ ಮೇಲೇ ಇತ್ತು. ಅದನ್ನು ನೋಡಿದಾಗಲೆಲ್ಲ ನಾರ್ಬರ್ಟನಿಗೆ ಎದೆಯುರಿ ಬರುತ್ತಿತ್ತು. ಅವನು ಅದನ್ನು ಸಾಸೇಜಿನ ದೋಷ ಎಂದುಕೊಂಡಿದ್ದ.

ಆ ವರ್ಷ ಲೆನರ್ಡ್ ಶೌಚಾಲಯಕ್ಕೆಂದು ಚರಂಡಿ ದಾಟಿದವನು ಹುಲ್ಲಿನ ಮೇಲೆ ಗಕ್ಕನೆ ನಿಂತ. ಅಲ್ಲೊಂದು ಕಿತ್ತಳೆ ಬಣ್ಣದ ಪುಟ್ಟ ಡಾಟ್ಸನ್ ನಿಂತಿತ್ತು, ಎಪ್ಪತ್ತೊಂದರದು, ಎರಡೇ ಸೀಟು. ಓಡುವ ಮುನ್ನ ಮೈ ತಗ್ಗಿಸಿದ ಬೆಕ್ಕಿನ ಹಾಗಿತ್ತು. ಪಕ್ಕದಲ್ಲಿ ಕೊಡೆ ಹಿಡಿದು ಕೂತಿದ್ದವಳು ಜೂನ್ ಮತ್ಸುದಾ, ಟೊಲೀಡೋದ ಹಲ್ಲಿನ ಡಾಕ್ಟರು. ಅವಳ ಅಜ್ಜನ ಕಾಲದಲ್ಲೇ ಜಪಾನಿನಿಂದ ಬಂದ ಮನೆತನ, ಮಾತೆಲ್ಲ ಓಹಾಯೋದ್ದು.

ಲೆನರ್ಡ್ ಬಂದ ಕೆಲಸ ಮರೆತು, ತನ್ನದು ಬ್ಯುಯಿಕ್ ಎಂದು ಹೇಳಿಕೊಂಡು, ಸಂಗ್ರಹಕ್ಕೆ ಇಂಥದ್ದನ್ನು ಕೊಳ್ಳುವವರೂ ಇದ್ದಾರೆಯೇ ಎಂದು ಕೇಳಿದ. ಜೂನ್ ಶಾಂತವಾಗಿ ವಿವರಿಸಿದಳು. ಅಮೆರಿಕದ ಹಳೆಯ ಕಾರು ಸಾಕುವುದು ಸುಲಭ, ಬಿಡಿಭಾಗ ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಇದ್ದಲ್ಲೇ ಇರುತ್ತದೆ. ಜಪಾನಿನವು ಇಲ್ಲಿನ ಹಿಮಕ್ಕೆ ಹಾಕುವ ಉಪ್ಪಿನಲ್ಲಿ ತುಕ್ಕು ಹಿಡಿದು ಕರಗಿಹೋದವು. ಹಾಗಾಗಿ ಉಳಿದ ನಾಲ್ಕಕ್ಕೆ ನಲವತ್ತು ಜನ ಬಾಯಿಬಿಟ್ಟುಕೊಂಡಿದ್ದಾರೆ. ಲೆನರ್ಡನ ಬ್ಯುಯಿಕ್ಕಿನಂಥವು ಎರಡು ಕೊಟ್ಟರೂ ಇದು ಬರುವುದಿಲ್ಲ.

ಲೆನರ್ಡನ ಅಭಿಮಾನಕ್ಕೆ ಚುರುಕ್ಕೆಂದಿತು.

“ಬೆಲೆ ಇರಬಹುದು ಕಣಮ್ಮ,” ಎಂದ. “ಆದ್ರೆ ಬಾಗಿಲು? ಜಪಾನಿನ ಕಾರಿನ ಬಾಗಿಲು ಹಾಕಿದ್ರೆ ಬಿಸ್ಕತ್ತಿನ ಡಬ್ಬಿ ಮುಚ್ಚಳ ಹಾಕಿದ ಹಾಗಿರತ್ತೆ. ನನಗೆ ಕಣ್ಣೇ ಬೇಡ, ನಿದ್ದೇಲಿ ಕೇಳಿದ್ರೂ ಹೇಳ್ತೀನಿ.”

“ಹಾಕಿ ನೋಡ್ತೀರಾ ಹಾಗಾದ್ರೆ?”

ಲೆನರ್ಡ್ ಅದು ತನ್ನ ತತ್ವಕ್ಕೆ ವಿರುದ್ಧ ಎಂದ. ಯಾವ ತತ್ವ ಎಂದು ಅವನಿಗೂ ಸ್ಪಷ್ಟವಿರಲಿಲ್ಲ. ಪಕ್ಕದ ಶೌಚಾಲಯದೊಳಗೆ ಕೂತು ಇದನ್ನೆಲ್ಲ ಕೇಳಿಸಿಕೊಂಡ ನಾರ್ಬರ್ಟನಿಗೆ ಎಲ್ಲವೂ ಸ್ಪಷ್ಟವಾಯಿತು.

ಮೂರು ಗಂಟೆಗೆ ಲೆನರ್ಡ್ ಟವೆಲು ಕಟ್ಟಿಕೊಂಡು ಕೂತ. ಮೊದಲ ಬಾಗಿಲು ಬಿತ್ತು. ಅರವತ್ತೇಳರ ಪಾಂಟಿಯಾಕ್ ಎಂದ, ಸರಿ. ಎರಡನೆಯದು ಐವತ್ತೈದರ ಷೆವ್ರೊಲೆ, ಕೆಳಗಿನ ಕೀಲಿಗೆ ಎಣ್ಣೆ ಬಿಟ್ಟು ವರ್ಷವಾಗಿದೆ ಎಂದ. ಮಾಲೀಕ ನಾಚಿಕೊಂಡು ತಲೆ ತಗ್ಗಿಸಿದ. ಅಷ್ಟರಲ್ಲಿ ನಾರ್ಬರ್ಟ್ ಸನ್ನೆ ಮಾಡಿದ. ಸಂಘದ ನಾಲ್ವರು ಚರಂಡಿಗೆ ಮರದ ಹಲಗೆ ಹಾಕಿ, ಡಾಟ್ಸನ್ನನ್ನು ಸದ್ದಿಲ್ಲದೆ ತಳ್ಳಿಕೊಂಡು ಬಂದು ಲೆನರ್ಡನ ಬೆನ್ನ ಹಿಂದೆ ನಿಲ್ಲಿಸಿದರು. ನಿಯಮ ಮುರಿದದ್ದು ಸ್ವತಃ ಅಧ್ಯಕ್ಷನಾದ್ದರಿಂದ ಅದನ್ನು ಯಾರೂ ನಿಯಮಭಂಗ ಎಂದುಕೊಳ್ಳಲಿಲ್ಲ. ನಾರ್ಬರ್ಟನೇ ಹೋಗಿ ಎಡಗಡೆಯ ಬಾಗಿಲನ್ನು ತೆರೆದು ಹಾಕಿದ.

ಸದ್ದು ಜೋರೇನೂ ಇರಲಿಲ್ಲ. ಧಪ್ ಎಂದು ಬಿತ್ತು, ಆಮೇಲೊಂದು ಸಣ್ಣ ಉಸಿರು ಬಿಟ್ಟಂತಾಯಿತು, ಅಷ್ಟೇ.

ಲೆನರ್ಡ್ ಇನ್ನೊಮ್ಮೆ ಹಾಕಲು ಹೇಳಿದ. ಮತ್ತೊಮ್ಮೆ ಹಾಕಲು ಹೇಳಿದ. ಆಮೇಲೆ ಎದ್ದುನಿಂತು, ತಲೆಯ ಮೇಲಿನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಹದಿನಾರು ವರ್ಷದಲ್ಲಿ ಅವನು ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

“ಇದು ನಮ್ಮದು,” ಎಂದ. “ನಮ್ಮ ಕಾರ್ಖಾನೆ ಸಾಲಿನ ಕೆಲಸ. ಎಡ ಬಾಗಿಲು. ಕೂರಿಸಿದ್ದು ವಾಲ್ಟರ್ ಪಿಲಾರ್ಸ್ಕಿ.”

ಟವೆಲು ಬಿಚ್ಚಿ ಹಿಂದೆ ತಿರುಗಿದ. ಮುಂದೆ ಡಾಟ್ಸನ್ ನಿಂತಿತ್ತು.

ಅಂಗಳ ನಗೆಯಲ್ಲಿ ಮುಳುಗಿತು. ಒಬ್ಬನ ಕೈಯಿಂದ ಸಾಸೇಜು ಜಾರಿ ಮಸ್ಟಾಂಗ್ ಕಾರಿನ ಇಂಜಿನ್ನಿನೊಳಗೆ ಬಿತ್ತು, ಅದನ್ನು ತೆಗೆಯಲು ಅರ್ಧ ಗಂಟೆ ಬೇಕಾಯಿತು. ನಾರ್ಬರ್ಟ್ ಮುಖದಲ್ಲಿ ದುಃಖ ತಂದುಕೊಂಡು ಲೆನರ್ಡನ ಕೈಯಿಂದ ಟೋಪಿ ತೆಗೆದುಕೊಂಡ. ಲೆನರ್ಡ್ ಮಾತ್ರ ಡಾಟ್ಸನ್ನಿನ ಎಡ ಬಾಗಿಲನ್ನೇ ನೋಡುತ್ತ, ಇದು ವಾಲ್ಟರನದೇ, ಇದು ವಾಲ್ಟರನದೇ ಎಂದು ಹೇಳುತ್ತಿದ್ದ. ಕೊನೆಗೆ ಬರ್ನಡೀನ್ ತೋಳು ಹಿಡಿದು ಬ್ಯುಯಿಕ್ಕಿಗೆ ಹತ್ತಿಸಿದಳು.

ಆಮೇಲಿನ ಎರಡು ವಾರ ಲೆನರ್ಡ್ ಮನೆಯಿಂದ ಹೊರಗೆ ಕಾಲಿಟ್ಟರೆ ಸಾಕು, ಬೀದಿಯವರೆಲ್ಲ ತಮ್ಮ ಕಾರಿನ ಬಾಗಿಲು ಧಡಾರನೆ ಹಾಕಿ, ಇದು ಯಾರದ್ದು ಲೆನ್, ವಾಲ್ಟರನದಾ ಎಂದು ಕೇಳತೊಡಗಿದರು. ಕ್ಷೌರದಂಗಡಿಯವನು ಕಿವಿಯ ಹತ್ತಿರ ಕತ್ತರಿ ತರುವಾಗ, ಹೇಗೂ ಇದು ಉಪಯೋಗಕ್ಕಿಲ್ಲವಲ್ಲ ಎಂದು ಕನ್ನಡಿಯಲ್ಲಿ ಎಲ್ಲರಿಗೂ ಕಣ್ಣು ಹೊಡೆದ. ಪಾದ್ರಿಗಳು ಪ್ರೀತಿಯಿಂದ ಭುಜದ ಮೇಲೆ ಕೈಯಿಟ್ಟು, ವಾಲ್ಟರ್ ಸ್ವರ್ಗದಲ್ಲಿದ್ದಾನೆ, ಅಲ್ಲಿ ಯಾರೂ ಪಾಳಿ ಮಾಡುವುದಿಲ್ಲ, ಅಂಥದ್ದರಲ್ಲಿ ಜಪಾನಿನವರ ಕೆಲಸ ಹಿಡಿಯುವ ಪ್ರಶ್ನೆಯೇ ಬರುವುದಿಲ್ಲ ಎಂದು ಸಮಾಧಾನ ಹೇಳಿದರು. ನಾರ್ಬರ್ಟ್ ಟೋಪಿಯನ್ನು ತಾನೇ ಹಾಕಿಕೊಂಡು ಬ್ಯಾಂಕಿಗೆ ಹೋಗಿಬಂದ. ಅದು ಅವನ ತಲೆಗೆ ಚಿಕ್ಕದಾಗಿತ್ತು.

ಬರ್ನಡೀನ್ ಗಂಡನನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಕೇಳಿದಾಗ ಬೆರಳೆತ್ತು ಎಂದರು. ಲೆನರ್ಡ್ ಪ್ರತಿ ಸದ್ದಿಗೂ ಬೆರಳೆತ್ತಿದ, ಸದ್ದು ಬರುವ ಮುಂಚೆ ಡಾಕ್ಟರು ಗುಂಡಿ ಒತ್ತಿದ್ದಕ್ಕೂ ಎತ್ತಿದ. ಹೊರಗೆ ಬಂದು, ಪೆಟ್ಟಿಗೆಯ ಬಾಗಿಲಿನ ಮೇಲಿನ ಕೀಲು ಸಡಿಲವಾಗಿದೆ, ಹಾಗಾಗಿ ಇಷ್ಟು ದಿನ ಇಲ್ಲಿ ಕಿವುಡರೆಂದು ಹೇಳಿ ಕಳಿಸಿದವರನ್ನೆಲ್ಲ ಮತ್ತೆ ಕರೆಸುವುದು ಒಳ್ಳೆಯದು ಎಂದ. ಡಾಕ್ಟರು ಬರ್ನಡೀನಳನ್ನು ಪಕ್ಕಕ್ಕೆ ಕರೆದು, ಈ ವಯಸ್ಸಿಗೆ ಇಂಥ ಕಿವಿಯನ್ನು ತಾನು ಕಂಡಿಲ್ಲ, ಮನೆಯಲ್ಲಿ ಗುಟ್ಟು ಮಾತಾಡುವಾಗ ಜೋಪಾನ ಎಂದರು.

ಬರ್ನಡೀನ್ ಮನೆ ಹತ್ತಿರ ಬಂದಾಗ ಕೇಳಿದಳು.

“ನಿಜ ಹೇಳಿ. ಅದು ವಾಲ್ಟರನದೇನಾ?”

“ನಿನ್ನ ಕೆಮ್ಮು ನನಗೆ ಗೊತ್ತಾಗಲ್ವಾ ಬರ್ನಿ, ನೂರು ಜನ ಕೆಮ್ಮಿದ್ರೂ? ಹಾಗೇ ಇದೂನೂ. ಕೊನೇಲಿ ಆ ಉಸಿರು ಬಂತಲ್ಲ, ಅದು ಅವನೊಬ್ಬನದೇ. ಕೆಳಗಿನ ರಬ್ಬರನ್ನ ಒಂದು ಕೂದಲಷ್ಟು ಬಿಗಿ ಮಾಡ್ತಿದ್ದ. ಮೇಲಿನವರಿಗೆ ಗೊತ್ತಾದ್ರೆ ಬಯ್ತಾರೆ ಅಂತ ನಾನು ಯಾರಿಗೂ ಹೇಳಿರಲಿಲ್ಲ.”

ಬರ್ನಡೀನ್ ಕಾರನ್ನು ಮನೆಯ ಕಡೆ ತಿರುಗಿಸದೆ ನೇರ ಟೊಲೀಡೋದ ಹಾದಿ ಹಿಡಿಸಿದಳು.

ಜೂನ್ ಆಗಷ್ಟೇ ಯಾರದೋ ದವಡೆ ಹಲ್ಲು ಕಿತ್ತು ಮುಗಿಸಿದ್ದಳು. ಬಂದವರನ್ನು ಗ್ಯಾರೇಜಿಗೆ ಕರೆದೊಯ್ದು ಡಾಟ್ಸನ್ನಿನ ಹೊದಿಕೆ ತೆಗೆದಳು. ಲೆನರ್ಡ್ ಎಡ ಬಾಗಿಲಿನ ಒಳಹಲಗೆ ಬಿಚ್ಚಬೇಕೆಂದ. ಮೂವತ್ತು ವರ್ಷ ಯಾರೂ ಬಿಚ್ಚದ್ದನ್ನು ಪರಿಚಯವಿಲ್ಲದ ಮುದುಕನೊಬ್ಬ ಬಿಚ್ಚುತ್ತೇನೆಂದರೆ ಯಾವ ಸಂಗ್ರಾಹಕರೂ ಒಪ್ಪುವುದಿಲ್ಲ. ಆದರೆ ಜೂನಳಿಗೂ ಒಂದು ಚಿಂತೆಯಿತ್ತು. ಎಡ ಬಾಗಿಲು ಬೆಣ್ಣೆಯಂತೆ ಮುಚ್ಚಿದರೆ, ಬಲ ಬಾಗಿಲನ್ನು ಎತ್ತಿ, ಒದ್ದು, ಬೇಡಿಕೊಂಡು ಮುಚ್ಚಬೇಕಿತ್ತು. ಐವರು ಮೆಕ್ಯಾನಿಕ್ಕುಗಳು ಬಂದು ಕೀಲು ನೋಡಿ ತಲೆ ಕೆರೆದುಕೊಂಡು ಹೋಗಿದ್ದರು. ಇದನ್ನು ಯಾರಿಂದ ಕೊಂಡಿರಿ ಎಂದು ಬರ್ನಡೀನ್ ಕೇಳಿದಳು. ಹತ್ತಿರದ ಹಳ್ಳಿಯ ಒಬ್ಬ ಮುದುಕಿಯ ಕೊಟ್ಟಿಗೆಯಿಂದ ಎಂದಳು ಜೂನ್. ತಮ್ಮನದಂತೆ, ತೀರಿಕೊಂಡಿದ್ದನಂತೆ.

“ಒಂದೇ ಮಾತು ಹೇಳಿದ್ರು ಆ ಅಜ್ಜಿ,” ಎಂದಳು. “ಇದನ್ನ ಮಿಷಿಗನ್ನಿಗೆ ಮಾತ್ರ ತಗೊಂಡು ಹೋಗಬೇಡ, ಅಲ್ಲಿಯವರು ಒಳ್ಳೆ ಜನ, ಆದ್ರೆ ಸುತ್ತಿಗೆ ಇಟ್ಕೊಂಡಿರ್ತಾರೆ ಅಂತ.”

ಲೆನರ್ಡನ ಕೈ ತಿರುಪಿನ ಮೇಲೆ ನಿಂತುಬಿಟ್ಟಿತು. ಆಮೇಲೆ ನಿಧಾನವಾಗಿ ಹಲಗೆ ಬಿಚ್ಚಿದ.

ತಗಡಿನ ಒಳಮೈ ಮೇಲೆ ಹಳದಿ ಮೇಣದ ಕಡ್ಡಿಯಲ್ಲಿ ಒಂದು ದುಂಡು ಸುತ್ತು, ಅದರೊಳಗೆ ವಾಲ್ಟರನ ಹೆಸರಿನ ಮೊದಲ ಅಕ್ಷರ. ಸಾಲಿನವರೆಲ್ಲ ಹಾಗೇ ಮಾಡುತ್ತಿದ್ದರು, ಕೊಂಡವನಿಗೆ ಎಂದೂ ಕಾಣದ ಜಾಗದಲ್ಲಿ ತಮ್ಮ ಗುರುತು ಹಾಕಿ ಕಳಿಸುತ್ತಿದ್ದರು. ಅದರ ಕೆಳಗೆ ಅದೇ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಈ ಏಟು ಲೆನ್‌ನದು. ನೇರ ಮಾಡಲು ಹನ್ನೊಂದು ಭಾನುವಾರ.’

ಲೆನರ್ಡ್ ಅಲ್ಲೇ ನೆಲದ ಮೇಲೆ ಕೂತ.

ಎಂಬತ್ತೆರಡರ ಆಗಸ್ಟ್. ಜಪಾನೀ ಕಾರುಗಳು ವ್ಯಾಪಾರ ಕಿತ್ತುಕೊಂಡವೆಂದು ಕಾರ್ಖಾನೆಯಿಂದ ಸಾವಿರಾರು ಜನರನ್ನು ಮನೆಗೆ ಕಳಿಸಿದ್ದ ಬೇಸಗೆ. ಸಂಘದ ಪಿಕ್ನಿಕ್ಕಿನಲ್ಲಿ ಯಾವುದೋ ಹಳೆಯ ಜಪಾನೀ ಕಾರೊಂದನ್ನು ತಂದು ಮೈದಾನದ ನಡುವೆ ನಿಲ್ಲಿಸಿದ್ದರು. ಡಾಲರಿಗೆ ಒಂದು ಸುತ್ತಿಗೆ ಏಟು. ಊರಿಗೆ ಊರೇ ಸಾಲು ನಿಂತಿತ್ತು. ಪಿರೋಗಿ ಕಡುಬು ಕರಿಯುತ್ತಿದ್ದ ಹೆಂಗಸರೂ ಸೆರಗಿನಂತೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡು ಬಂದು ಒಂದೊಂದು ಬಿಟ್ಟು ಹೋದರು. ಲೆನರ್ಡ್ ಬಾಗಿಲನ್ನೇ ಆರಿಸಿಕೊಂಡಿದ್ದ. ಬಾಗಿಲು ಎಲ್ಲಿ ಬಲಹೀನ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು. ಜನ ಕೇಕೆ ಹಾಕಿದ್ದರು. ಅವನ ನಂತರ ವಾಲ್ಟರನ ಸರದಿ. ವಾಲ್ಟರ್ ಡಾಲರು ಕೊಟ್ಟ, ಸುತ್ತಿಗೆ ಎತ್ತಿದ, ಯಾಕೋ ಮತ್ತೆ ಇಳಿಸಿ, ಜಜ್ಜಿದ ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದ. ಆಮೇಲೆ ಬೆನ್ನು ಹಿಡಿದುಕೊಂಡಿದೆ ಎಂದು ಸುತ್ತಿಗೆಯನ್ನು ಹಿಂದಿನವನಿಗೆ ಕೊಟ್ಟುಬಿಟ್ಟ. ಸಂಜೆ ಗುಜರಿಗೆ ಹಾಕಿಬರುತ್ತೇನೆಂದು ಆ ಮುದ್ದೆಯನ್ನು ಟ್ರಕ್ಕಿಗೆ ಏರಿಸಿಕೊಂಡು ಹೋದವನೂ ಅವನೇ.

“ಭಾನುವಾರ,” ಎಂದಳು ಬರ್ನಡೀನ್. “ಅಯ್ಯೋ ದೇವರೇ. ನಾವು ಅವನಿಗೆ ಎರಡು ಮಕ್ಕಳನ್ನ ಬೇರೆ ಕಟ್ಟಿದ್ವಲ್ಲ.”

ಬಲ ಬಾಗಿಲಿನ ಹಲಗೆಯನ್ನು ಜೂನಳೇ ಬಿಚ್ಚಿದಳು. ತಗಡು ನೇರವಾಗಿತ್ತು, ಬಣ್ಣ ಚೊಕ್ಕಟವಾಗಿತ್ತು, ಬರೀ ಕೀಲು ಸಡಿಲ. ಅಲ್ಲಿ ಗುರುತಿನ ಸುತ್ತು ಖಾಲಿಯಿತ್ತು. ಕೆಳಗೆ ಬರೆದಿತ್ತು: ‘ಬಲ ಬಾಗಿಲು ಕೂರಿಸುವುದು ಲೆನ್‌ನ ಕೆಲಸ. ನಾನು ಮುಟ್ಟಲ್ಲ.’

ಲೆನರ್ಡ್ ಅತ್ತ. ಹೆಂಡತಿ ಎದುರಿಗೆ, ಹಲ್ಲಿನ ಡಾಕ್ಟರ ಎದುರಿಗೆ ಮೂಗು ಸೋರಿಸಿಕೊಂಡು ಅತ್ತ. ಅಷ್ಟು ವರ್ಷ ಎದುರಿಗೆ ನಿಂತವನು ಇದನ್ನು ತನಗೊಬ್ಬನಿಗಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿಕೊಂಡ. ಉತ್ತರ ಗೊತ್ತಿತ್ತು, ಹೇಳಿದ್ದರೆ ತಾನು ನಗುತ್ತಿದ್ದೆ. ಕಣ್ಣೊರೆಸಿಕೊಂಡು, ಬಾಗಿಲನ್ನು ಇಲ್ಲಿ ಕೂರಿಸಲಾಗುವುದಿಲ್ಲ, ಈ ಗ್ಯಾರೇಜಿನ ನೆಲ ಇಳಿಜಾರು, ಸಮತಟ್ಟು ನೆಲ ಬೇಕು, ಅಂಥದ್ದಿರುವುದು ವೆಲ್ಡನ್ನಿನ ಸಂಘದ ಅಂಗಳದಲ್ಲಿ ಮಾತ್ರ ಎಂದ. ಗ್ಯಾರೇಜಿನ ನೆಲದ ಮೇಲೆ ಗೋಲಿ ಇಟ್ಟರೂ ಕದಲುತ್ತಿರಲಿಲ್ಲ. ಜೂನ್ ನೆಲವನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು, ಹೌದು ತುಂಬಾ ಇಳಿಜಾರು ಎಂದಳು.

ಸೆಪ್ಟೆಂಬರಿನ ಮೊದಲ ಭಾನುವಾರ ಡಾಟ್ಸನ್ ಚರಂಡಿಯ ಅಂಚಿಗೆ ಬಂದು ನಿಂತಾಗ ನಾರ್ಬರ್ಟ್ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಿದ್ದ, ತಲೆಯ ಮೇಲೆ ಟೋಪಿ. ಹಿಂದೆ, ಸುದ್ದಿ ಕೇಳಿ ಕಾರುಗಳೊಂದಿಗೆ ಮತ್ತೆ ನೆರೆದ ಇಡೀ ಮೇಳ.

“ಹುಲ್ಲಿನ ಮೇಲೆ ನಿಲ್ಲಿಸು ಲೆನ್. ಹಲಗೆ ಓದಕ್ಕೆ ಬರತ್ತಲ್ಲ?”

“ಬರತ್ತೆ. ನಿನಗೂ ಬಂದ್ರೆ ಇದನ್ನೊಂದು ಓದು.”

ಲೆನರ್ಡ್ ಎಡ ಬಾಗಿಲು ತೆರೆದು ತೋರಿಸಿದ. ನಾರ್ಬರ್ಟ್ ಬಗ್ಗಿ ಓದಿದ. ಮತ್ತೆ ಓದಿದ. ಅವನ ಹಿಂದಿನವನು ಓದಿ, ತನ್ನ ಹಿಂದಿನವನಿಗೆ ಹೇಳಿದ. ಸುದ್ದಿ ಅಂಗಳದ ಆ ತುದಿ ಮುಟ್ಟುವಷ್ಟರಲ್ಲಿ ನಗು ನಿಂತಿತ್ತು. ಆಮೇಲೆ ಯಾರೋ ಮೆಲ್ಲಗೆ ಕೇಳಿದರು, ನನ್ನದು ಎಲ್ಲಿದೆ?

ಜೂನ್ ಆ ವೇಳೆಗೆ ಒಳಗಿನ ಹಲಗೆಗಳನ್ನೆಲ್ಲ ಬಿಚ್ಚಿಸಿಕೊಂಡು ಬಂದಿದ್ದಳು. ಊರಿನ ಮುದುಕರು ಕನ್ನಡಕ ಏರಿಸಿಕೊಂಡು ಒಬ್ಬೊಬ್ಬರಾಗಿ ಚರಂಡಿ ದಾಟಿದರು. ಚಾವಣಿಯ ಒಳಗಡೆ ಕ್ಷೌರದಂಗಡಿಯವನ ಹೆಸರಿತ್ತು, ನಾಲ್ಕು ಭಾನುವಾರ. ಹಿಂದಿನ ಚಕ್ರದ ಮೇಲೆ ಆಗಿನ ಪಾದ್ರಿಗಳು, ಎರಡು ಭಾನುವಾರ, ‘ಪ್ರಾರ್ಥನೆಯ ನಂತರ’. ಬರ್ನಡೀನ್ ತನ್ನ ಹೆಸರನ್ನು ಕಂಡು ತಕ್ಷಣ ಅದರ ಮುಂದೆ ನಿಂತುಕೊಂಡಳು. ಹಿಂಬಾಗಿಲಿನ ಒಳಗೆ ಬರೆದಿತ್ತು: ‘ನಾರ್ಬರ್ಟ್. ಮೂರು ಡಾಲರು, ಒಂದೇ ಏಟು ತಗುಲಿತು.’

ಮೂವತ್ಮೂರು ವರ್ಷದ ಹಿಂದೆ ಅವರೆಲ್ಲ ಸೇರಿ ಜಜ್ಜಿದ್ದರಲ್ಲ, ಅದೇ ಮೈ ಮೇಲೆ ಈಗ ಬೆರಳಾಡಿಸುತ್ತಿದ್ದರು. ಎಲ್ಲಿ ಬಿದ್ದಿತ್ತು ಎಂದು ಗೊತ್ತಿದ್ದರೂ ಯಾರಿಗೂ ತಮ್ಮ ಏಟು ಸಿಗಲಿಲ್ಲ.

ಕೊನೆಗೆ ನಾರ್ಬರ್ಟ್ ಟೋಪಿ ಸರಿಮಾಡಿಕೊಂಡ. “ಹುಲ್ಲು ಇಳಿಜಾರು,” ಎಂದ ಯಾರನ್ನೂ ನೋಡದೆ. “ಇಳಿಜಾರಲ್ಲಿ ಬಾಗಿಲು ಕೂರಿಸಕ್ಕಾಗಲ್ಲ. ಈಚೆ ತಳ್ರಯ್ಯಾ.”

ತಳ್ಳಲು ನಾಲ್ವರು ಸಾಕಿತ್ತು, ನಲವತ್ತು ಕೈ ಬಿದ್ದವು.

ಲೆನರ್ಡ್ ಬಲಗಡೆ ಮಂಡಿಯೂರಿದ. ಮರದ ತುಂಡು ಅಡಿಗೆ ಕೊಟ್ಟು ಮೊಣಕಾಲಿನಿಂದ ಬಾಗಿಲನ್ನೆತ್ತಿದ. ಮೊಣಕಾಲು ಲಟಕ್ಕೆಂದ ಸದ್ದನ್ನು ಮೂರನೇ ಸಾಲಿನವರೂ ಕೇಳಿದರು. ತಿರುಪು ಬಿಗಿಸುತ್ತ ಅಭ್ಯಾಸಬಲದಿಂದ ತಲೆಯೆತ್ತಿ ಎದುರಿನ ಕಿಟಕಿಯತ್ತ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ವಾಲ್ಟರನನ್ನು ಮಣ್ಣು ಮಾಡಿದ ದಿನವೂ ಅವನಿಗೆ ಅಷ್ಟು ಸಂಕಟವಾಗಿರಲಿಲ್ಲ. ಇದನ್ನು ಕಂಡು ನಾರ್ಬರ್ಟನಿಗೆ ಏನು ಅನ್ನಿಸಿತೋ, ಕಾರನ್ನು ಸುತ್ತಿಬಳಸಿ ಹೋಗಿ ಎಡಗಡೆಯಲ್ಲಿ ನಿಂತ. ಬಾಗಿಲಿಗೆ ಕೈ ಹಚ್ಚಲಿಲ್ಲ, ಸುಮ್ಮನೆ ಕಿಟಕಿಯಲ್ಲಿ ಮುಖವಿಟ್ಟುಕೊಂಡು ನಿಂತ.

ಕೆಲಸ ಮುಗಿದ ಮೇಲೆ ಲೆನರ್ಡ್ ಹಳದಿ ಮೇಣದ ಕಡ್ಡಿ ತೆಗೆದು, ಖಾಲಿ ಸುತ್ತಿನೊಳಗೆ ತನ್ನ ಅಕ್ಷರ ಬರೆದ. ಅದರ ಕೆಳಗೆ, ‘ಮೂವತ್ಮೂರು ವರ್ಷ ತಡ. ಕ್ಷಮಿಸು’ ಎಂದು ಬರೆದು, ಒಳಹಲಗೆ ಹಾಕಿ ಮುಚ್ಚಿದ.

ನಾರ್ಬರ್ಟ್ ಟೋಪಿ ತೆಗೆದು ಲೆನರ್ಡನ ತಲೆಯ ಮೇಲಿಟ್ಟು, ಟವೆಲು ತೆಗೆದುಕೊಂಡು ತನ್ನ ಕಣ್ಣಿಗೇ ಕಟ್ಟಿಕೊಂಡ. ಜೂನ್ ಎಡ ಬಾಗಿಲು ಹಾಕಿದಳು. ಲೆನರ್ಡ್ ಬಲ ಬಾಗಿಲು ಹಾಕಿದ. ಅಂಗಳದಲ್ಲಿ ಒಂದು ಬಾನೆಟ್ಟೂ ಕಿರುಗುಟ್ಟಲಿಲ್ಲ.

“ಯಾವುದು ಯಾರದ್ದು ಹೇಳಪ್ಪ,” ಎಂದ ಲೆನರ್ಡ್.

ನಾರ್ಬರ್ಟ್ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕಿವಿ ತಿರುಗಿಸಿದ.

“ಇನ್ನೊಂದು ಸಲ ಹಾಕಿ,” ಎಂದ. “ನನಗೆ ಒಂದೇ ಬಾಗಿಲು ಕೇಳಿಸ್ತು.”